ಜನರ ವಕೀಲ ಲೂಯಿಸ್ ಬ್ರಾಂಡೈಸ್

– ಹಳೆಯ ವಿದ್ಯಾರ್ಥಿ (2004ನೇ ಸಾಲಿನ ಎಸ್.ಎಸ್.ಎಲ್.ಸಿ. ತಂಡ), ಬಿ.ಇ., ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ನಾವು ಓದಿದ ಸರ್ಕಾರಿ ಪ್ರೌಢಶಾಲೆಗೆ ಐವತ್ತು ವರ್ಷ ತುಂಬಿದೆ ಎಂದು ತಿಳಿದಾಗ ನನಗಾದ ಸಂತೋಷ ಅಷ್ಟಿಷ್ಟಲ್ಲ. ಸ್ಮರಣ ಸಂಚಿಕೆಗೆ ಒಬ್ಬ ಸಾಧಕರ ಜೀವನವನ್ನು ಮಕ್ಕಳಿಗೂ ತಿಳಿಯುವ ಹಾಗೆ ಬರೆದುಕೊಡಬೇಕೆಂದು ಸಮಿತಿಯ ಹಿರಿಯರು ಫೋನ್ ಮಾಡಿ ಕೇಳಿದರು. ಸರ್ ಎಂ. ವಿಶ್ವೇಶ್ವರಯ್ಯನವರ ಬಗ್ಗೆ, ಅಬ್ದುಲ್ ಕಲಾಂ ಅವರ ಬಗ್ಗೆ ನನಗಿಂತ ಚೆನ್ನಾಗಿ ಬರೆಯುವವರು ನಮ್ಮಲ್ಲೇ ಇದ್ದಾರೆ. ನಾನು ಓದಿದ್ದು ಎಂಜಿನಿಯರಿಂಗ್ ಆದರೂ ಆರಿಸಿಕೊಂಡದ್ದು ಅಮೆರಿಕದ ಒಬ್ಬ ವಕೀಲರನ್ನು. ಅದಕ್ಕೊಂದು ಕಾರಣವಿದೆ.

ನಾನು ಎಂಟನೇ ತರಗತಿಯಲ್ಲಿದ್ದಾಗ ನಮ್ಮಪ್ಪ ಒಂದು ಖಾಸಗಿ ವಿಮೆ ಯೋಜನೆಗೆ ತಿಂಗಳಿಗೆ ನೂರು ರೂಪಾಯಿ ಕಟ್ಟುತ್ತಿದ್ದರು. ಏಜೆಂಟರು ಸಂತೆಯ ದಿನ ಮನೆ ಬಾಗಿಲಿಗೇ ಬಂದು ವಸೂಲಿ ಮಾಡುತ್ತಿದ್ದರು. ಅವ್ವ ಆ ರಸೀದಿಗಳನ್ನೆಲ್ಲ ದಾರದಲ್ಲಿ ಕಟ್ಟಿ ಟ್ರಂಕಿನಲ್ಲಿ ಇಟ್ಟಿದ್ದಳು. ಮಳೆ ಕೈಕೊಟ್ಟ ವರ್ಷ ನಾಲ್ಕು ಕಂತು ತಪ್ಪಿತು. ಪಾಲಿಸಿ ಲ್ಯಾಪ್ಸ್ ಆಗಿದೆ, ಕಟ್ಟಿದ ಹಣ ವಾಪಸ್ ಬರುವುದಿಲ್ಲ ಎಂದು ಕಾಗದ ಬಂತು. ಹೈಸ್ಕೂಲ್ ಓದುವ ಮಗನಿದ್ದಾನಲ್ಲ ಎಂದು ಅಪ್ಪ ಅದನ್ನು ನನ್ನ ಕೈಗೆ ಕೊಟ್ಟರು. ಇಂಗ್ಲಿಷಿನ ಆ ಸಣ್ಣ ಅಕ್ಷರ ನನಗೆ ಅರ್ಥವಾಗಲಿಲ್ಲ. ನಮ್ಮ ಸಮಾಜ ವಿಜ್ಞಾನದ ಮೇಷ್ಟ್ರ ಹತ್ತಿರ ತೆಗೆದುಕೊಂಡು ಹೋದೆ. ಅವರು ಎರಡು ಸಲ ಓದಿದರು. ಊರಿನಲ್ಲಿ ಇನ್ನೂ ಹತ್ತು ಹದಿನೈದು ಮನೆಯವರ ಕಥೆ ಇದೇ ಆಗಿದೆ, ಆದರೆ ಎರಡು ಸಾವಿರ ರೂಪಾಯಿಗೋಸ್ಕರ ಯಾರಪ್ಪ ಕೋರ್ಟಿಗೆ ಹೋಗುತ್ತಾರೆ ಎಂದು ಕಾಗದವನ್ನು ಮಡಿಸಿ ವಾಪಸ್ ಕೊಟ್ಟರು.

ಒಬ್ಬೊಬ್ಬರದು ಸಣ್ಣ ನಷ್ಟ, ಎಲ್ಲರದು ಸೇರಿದರೆ ದೊಡ್ಡ ಮೊತ್ತ, ಆದರೆ ಕೇಳುವವರು ಯಾರೂ ಇಲ್ಲ. ಆ ಮಾತು ನನ್ನ ತಲೆಯಲ್ಲಿ ಉಳಿದುಬಿಟ್ಟಿತು. ಮುಂದೆ ಬೆಂಗಳೂರಿನಲ್ಲಿ ಕೆಲಸಕ್ಕೆ ಸೇರಿದ ಮೇಲೆ, ಗ್ರಾಹಕರ ಖಾಸಗಿ ಮಾಹಿತಿಯ ಬಗ್ಗೆ ಒಂದು ತರಬೇತಿಯಲ್ಲಿ ಬ್ರಾಂಡೈಸ್ ಎಂಬ ಹೆಸರು ಕಿವಿಗೆ ಬಿತ್ತು. ಕುತೂಹಲದಿಂದ ಓದುತ್ತಾ ಹೋದೆ. ನಮ್ಮ ಮೇಷ್ಟ್ರು ಕೇಳಿದ ಪ್ರಶ್ನೆಯನ್ನೇ ಈ ಮನುಷ್ಯ ನೂರು ವರ್ಷಗಳ ಹಿಂದೆ ಎದುರಿಸಿ ಅದಕ್ಕೊಂದು ದಾರಿ ಹುಡುಕಿದ್ದರು.

ಬಾಲ್ಯ ಮತ್ತು ಓದು

ಲೂಯಿಸ್ ಬ್ರಾಂಡೈಸ್ ಹುಟ್ಟಿದ್ದು 1856ರ ನವೆಂಬರ್ 13ರಂದು, ಅಮೆರಿಕದ ಕೆಂಟಕಿ ರಾಜ್ಯದ ಲೂಯಿವಿಲ್ ಪಟ್ಟಣದಲ್ಲಿ. ತಂದೆ ಅಡಾಲ್ಫ್, ತಾಯಿ ಫ್ರೆಡೆರಿಕಾ. ಇಬ್ಬರೂ ಯುರೋಪಿನ ಪ್ರಾಗ್ ನಗರದ ಯೆಹೂದಿ ಮನೆತನಗಳವರು. 1848ರ ಕ್ರಾಂತಿ ಸೋತ ಮೇಲೆ ಆ ಮನೆತನಗಳು ಊರು ಬಿಟ್ಟು ಅಮೆರಿಕ ಸೇರಿದವು. ತಂದೆ ದವಸಧಾನ್ಯದ ಸಗಟು ವ್ಯಾಪಾರ ಮಾಡಿ ಅನುಕೂಲಸ್ಥರಾದರು. ಕೆಂಟಕಿಯಲ್ಲಿ ಆಗ ಗುಲಾಮಗಿರಿ ಇತ್ತು. ಆದರೆ ಈ ಮನೆಯವರು ಅದರ ವಿರೋಧಿಗಳು. ಅಂತರ್ಯುದ್ಧ ನಡೆದಾಗ ತಾಯಿಯ ಜೊತೆ ಉತ್ತರದ ಸೈನಿಕರಿಗೆ ಊಟ, ಕಾಫಿ ಕೊಂಡೊಯ್ದದ್ದು ಬ್ರಾಂಡೈಸರ ಬಾಲ್ಯದ ಮೊದಲ ನೆನಪುಗಳಲ್ಲಿ ಒಂದು.

ಸೋದರಮಾವ ಲೂಯಿಸ್ ಡೆಂಬಿಟ್ಜ್ ಹೆಸರಾಂತ ವಕೀಲರು. ಹುಡುಗನಿಗೆ ಮಾವನೆಂದರೆ ಎಷ್ಟು ಅಭಿಮಾನವೆಂದರೆ, ಡೇವಿಡ್ ಎಂದಿದ್ದ ತನ್ನ ನಡುಹೆಸರನ್ನು ಡೆಂಬಿಟ್ಜ್ ಎಂದು ಬದಲಾಯಿಸಿಕೊಂಡ. 1870ರ ದಶಕದ ಆರಂಭದಲ್ಲಿ ವ್ಯಾಪಾರ ಕುಸಿಯಿತು. ತಂದೆ ಮಳಿಗೆ ಮುಚ್ಚಿ ಸಂಸಾರ ಸಮೇತ ಯುರೋಪಿಗೆ ಹೋದರು. ಅಲ್ಲಿ ಜರ್ಮನಿಯ ಡ್ರೆಸ್ಡೆನ್ ನಗರದ ಶಾಲೆಯಲ್ಲಿ ಬ್ರಾಂಡೈಸ್ ಓದಿದರು.

1875ರಲ್ಲಿ ಅಮೆರಿಕಕ್ಕೆ ಮರಳಿ ಹಾರ್ವರ್ಡ್ ಕಾನೂನು ಶಾಲೆಗೆ ಸೇರಿದಾಗ ಅವರಿಗೆ ಹದಿನೆಂಟು ವರ್ಷ. ಕೈಯಲ್ಲಿ ಯಾವ ಪದವಿಯೂ ಇರಲಿಲ್ಲ. ಮನೆಯ ಸ್ಥಿತಿ ಮೊದಲಿನಂತೆ ಇರಲಿಲ್ಲ. ಅಣ್ಣ ಆಲ್ಫ್ರೆಡ್ ಅವರಿಂದ ಸಾಲ ಪಡೆದು, ಜೊತೆಯ ವಿದ್ಯಾರ್ಥಿಗಳಿಗೆ ಪಾಠ ಹೇಳಿ ಖರ್ಚು ತೂಗಿಸಿದರು. ಅಷ್ಟರಲ್ಲಿ ಕಣ್ಣು ಕೈಕೊಟ್ಟಿತು. ಗ್ಯಾಸ್ ದೀಪದ ಬೆಳಕಿನಲ್ಲಿ ಹೊತ್ತುಗಟ್ಟಲೆ ಓದಿ ದೃಷ್ಟಿ ಹಾಳಾಗುವ ಹಂತಕ್ಕೆ ಬಂತು. ಆದರೂ ಅವರು ಓದು ಬಿಡಲಿಲ್ಲ. ಗೆಳೆಯರಿಂದ ಪಾಠಗಳನ್ನು ಗಟ್ಟಿಯಾಗಿ ಓದಿಸಿಕೊಂಡು ಮನಸ್ಸಿನಲ್ಲೇ ಇಟ್ಟುಕೊಂಡರು. 1877ರಲ್ಲಿ ತರಗತಿಗೇ ಮೊದಲಿಗರಾಗಿ ತೇರ್ಗಡೆಯಾದರು. ಪದವಿ ಪಡೆಯಲು ಇಪ್ಪತ್ತೊಂದು ವರ್ಷ ತುಂಬಿರಬೇಕೆಂಬ ನಿಯಮವಿತ್ತು. ಇವರಿಗೆ ಇನ್ನೂ ಇಪ್ಪತ್ತು. ವಿಶ್ವವಿದ್ಯಾಲಯದವರು ವಿಶೇಷ ನಿರ್ಣಯ ಮಾಡಿ ಪದವಿ ಕೊಟ್ಟರು. ಅವರು ಗಳಿಸಿದ ಅಂಕಗಳ ದಾಖಲೆ ಹಲವು ದಶಕ ಹಾಗೇ ಉಳಿದಿತ್ತು.

ವರ್ತಕರ ವಕೀಲ

1879ರಲ್ಲಿ ಸಹಪಾಠಿ ಸ್ಯಾಮ್ಯುಯೆಲ್ ವಾರನ್ ಅವರ ಜೊತೆ ಬಾಸ್ಟನ್ ನಗರದಲ್ಲಿ ವಕೀಲಿ ಕಚೇರಿ ತೆರೆದರು. ವಾರನ್ ಅವರದು ಕಾಗದದ ಕಾರ್ಖಾನೆ ಇದ್ದ ಶ್ರೀಮಂತ ಮನೆತನ. ಮೊದಲ ಕಕ್ಷಿದಾರರು ಆ ಕಡೆಯಿಂದಲೇ ಬಂದರು. ಕಾಗದ, ಚರ್ಮ, ಪಾದರಕ್ಷೆ, ಬಟ್ಟೆ ಹೀಗೆ ಮಧ್ಯಮ ಗಾತ್ರದ ಉದ್ಯಮಗಳ ವ್ಯಾಜ್ಯಗಳೇ ಅವರ ಕಸುಬಾಯಿತು. ಕರಾರು ಮುರಿದದ್ದು, ಪಾಲುದಾರರ ಜಗಳ, ಸಾಲ, ದಿವಾಳಿ, ಇಂಥವು. ಒಟ್ಟಿನಲ್ಲಿ ವಾಣಿಜ್ಯ ವಕೀಲಿಕೆ.

ಅವರ ಪದ್ಧತಿ ಬೇರೆ ವಕೀಲರಂತೆ ಇರಲಿಲ್ಲ. ಕಕ್ಷಿದಾರನ ಕಾಗದಪತ್ರ ಮಾತ್ರ ನೋಡಿದರೆ ಸಾಲದು, ಅವನ ವ್ಯಾಪಾರವೇ ಗೊತ್ತಿರಬೇಕು ಎಂದು ನಂಬಿದ್ದರು. ಲೆಕ್ಕಪುಸ್ತಕ ತರಿಸಿ ಸಾಲು ಸಾಲಾಗಿ ಓದುತ್ತಿದ್ದರು. ಎಷ್ಟೋ ಸಲ ಮಾಲೀಕನಿಗಿಂತ ಅವರಿಗೇ ಅವನ ವ್ಯವಹಾರ ಹೆಚ್ಚು ಗೊತ್ತಿರುತ್ತಿತ್ತು. ಹೆಚ್ಚಿನ ವಕೀಲರ ವರ್ಷದ ಗಳಿಕೆ 5,000 ಡಾಲರ್‌ಗಿಂತ ಕಡಿಮೆ ಇದ್ದ ಕಾಲದಲ್ಲಿ ಅವರು 50,000 ಡಾಲರ್‌ಗಿಂತ ಹೆಚ್ಚು ಗಳಿಸುತ್ತಿದ್ದರು.

1902ರ ಒಂದು ಪ್ರಸಂಗ ಹೇಳಬೇಕು. ಮೆಕೆಲ್ವೇನ್ ಎಂಬ ದೊಡ್ಡ ಶೂ ತಯಾರಕರು ಅವರ ಕಕ್ಷಿದಾರರು. ಸಂಬಳ ಕಡಿತ ಮಾಡಲು ಹೊರಟಾಗ ಕಾರ್ಮಿಕರು ಒಪ್ಪಲಿಲ್ಲ. ನಾನು ಕೊಡುವ ಕೂಲಿ ಬೇರೆಯವರಿಗಿಂತ ಹೆಚ್ಚಿದೆ ಎಂಬುದು ಮಾಲೀಕರ ವಾದ. ಕೆಲಸ ಸಿಕ್ಕಿದ ದಿನದ ಕೂಲಿ ಸರಿ, ಆದರೆ ವರ್ಷಕ್ಕೆ ಅವರ ಕೈಗೆ ಬರುವುದೆಷ್ಟು ಎಂದು ಬ್ರಾಂಡೈಸ್ ಕೇಳಿದರು. ಅದಕ್ಕೆ ಮಾಲೀಕರಲ್ಲಿ ಉತ್ತರವಿರಲಿಲ್ಲ. ಲೆಕ್ಕ ಹಾಕಿ ನೋಡಿದರೆ, ಹಂಗಾಮಿನಲ್ಲಿ ಮಾತ್ರ ಕೆಲಸ, ಉಳಿದ ವಾರಗಳಲ್ಲಿ ಖಾಲಿ ಕೈ. ನಮ್ಮ ಕಡೆ ಕೂಲಿಗೆ ಹೋಗುವವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಬ್ರಾಂಡೈಸ್ ತಮಗೆ ಫೀಸು ಕೊಡುವ ಮಾಲೀಕರಿಗೇ, ಈ ವಿಷಯದಲ್ಲಿ ಕಾರ್ಮಿಕರು ಹೇಳುವುದು ಸರಿ ಎಂದು ಮುಖಕ್ಕೆ ಹೇಳಿದರು. ಮಾಲೀಕರು ದೊಡ್ಡ ಮನಸ್ಸಿನಿಂದ ಒಪ್ಪಿದರು. ವರ್ತಕರಿಂದ ಮುಂಗಡವಾಗಿ ಆರ್ಡರ್ ಪಡೆದು ವರ್ಷವಿಡೀ ಕೆಲಸ ಸಿಗುವಂತೆ ಕಾರ್ಖಾನೆಯ ವ್ಯವಸ್ಥೆಯನ್ನೇ ಬದಲಾಯಿಸಲಾಯಿತು.

ಖಾಸಗಿತನದ ಹಕ್ಕು

1888ರಲ್ಲಿ ಕೊಡಾಕ್ ಕ್ಯಾಮೆರಾ ಮಾರುಕಟ್ಟೆಗೆ ಬಂತು. ಅಲ್ಲಿಯವರೆಗೆ ಫೋಟೋ ತೆಗೆಸಿಕೊಳ್ಳುವವರು ಸ್ಟುಡಿಯೋಗೆ ಹೋಗಿ ಅಲುಗಾಡದೆ ಕೂರಬೇಕಿತ್ತು. ಈಗ ಯಾರು ಬೇಕಾದರೂ ಕೈಯಲ್ಲಿ ಹಿಡಿದು, ಎದುರಿನವರಿಗೆ ಗೊತ್ತಿಲ್ಲದಂತೆ ಚಿತ್ರ ತೆಗೆಯಬಹುದಾಯಿತು. ಪತ್ರಿಕೆಗಳು ಜನರ ಮನೆಯೊಳಗಿನ ಸುದ್ದಿಯನ್ನು ಬೀದಿಗೆ ತಂದು ಹಣ ಮಾಡತೊಡಗಿದವು. ಕಳವು ಮಾಡಿದರೆ, ಹೊಡೆದರೆ, ಮಾನಹಾನಿ ಮಾಡಿದರೆ ಕಾನೂನಿತ್ತು. ಆದರೆ ನಿಜವಾದ ಸುದ್ದಿಯನ್ನೇ ಒಪ್ಪಿಗೆಯಿಲ್ಲದೆ ಹರಡಿದರೆ ಏನು ಮಾಡುವುದು?

1890ರ ಡಿಸೆಂಬರ್‌ನಲ್ಲಿ ವಾರನ್ ಮತ್ತು ಬ್ರಾಂಡೈಸ್ ಸೇರಿ ಹಾರ್ವರ್ಡ್ ಲಾ ರಿವ್ಯೂ ಪತ್ರಿಕೆಯಲ್ಲಿ ಖಾಸಗಿತನದ ಹಕ್ಕು ಎಂಬ ಲೇಖನ ಬರೆದರು. ಮನುಷ್ಯನನ್ನು ಅವನ ಪಾಡಿಗೆ ಬಿಡಬೇಕಾದದ್ದು ದಾಕ್ಷಿಣ್ಯದ ಮಾತಲ್ಲ, ಕಾನೂನು ಕಾಪಾಡಬೇಕಾದ ಹಕ್ಕು ಎಂದು ಅದರಲ್ಲಿ ವಾದಿಸಿದರು. ಆಗ ಬ್ರಾಂಡೈಸರಿಗೆ ಮೂವತ್ನಾಲ್ಕು ವರ್ಷ. ಆ ಲೇಖನದ ಋಣ ನಮ್ಮ ದೇಶದವರೆಗೂ ಬಂದಿದೆ. ಅದನ್ನು ಮುಂದೆ ಹೇಳುತ್ತೇನೆ.

ಊರಿನ ಪರವಾಗಿ

1890ರ ದಶಕದ ಕೊನೆಯಲ್ಲಿ ಬಾಸ್ಟನ್ನಿನ ಟ್ರಾಮ್ ಮತ್ತು ರೈಲು ಕಂಪನಿ ನಗರದ ರಸ್ತೆ, ಸುರಂಗಗಳ ಮೇಲೆ ದೀರ್ಘಾವಧಿಯ ಹಕ್ಕು ಪಡೆಯಲು ಹೊರಟಿತು. ಕಂಪನಿಯ ಪರ ವಾದಿಸಲು ವಕೀಲರ ದಂಡೇ ಇತ್ತು. ದಿನಾ ಟಿಕೆಟ್ ಕೊಂಡು ಓಡಾಡುವವರ ಪರ ಯಾರೂ ಇರಲಿಲ್ಲ. ಬ್ರಾಂಡೈಸ್ ಮುಂದೆ ಬಂದರು. ವರ್ಷಗಟ್ಟಲೆ ಹೋರಾಡಿದ ಮೇಲೆ ಸುರಂಗ ನಗರದ ಸ್ವತ್ತಾಗಿಯೇ ಉಳಿಯಿತು.

ಇಂಥ ಕೆಲಸಕ್ಕೆ ಅವರು ಫೀಸು ತೆಗೆದುಕೊಳ್ಳುತ್ತಿರಲಿಲ್ಲ. ಅಷ್ಟೇ ಅಲ್ಲ, ತಾವು ಇದಕ್ಕೆ ಸಮಯ ಕೊಟ್ಟಾಗ ಕಚೇರಿಯ ಪಾಲುದಾರರಿಗೆ ನಷ್ಟವಾಗಬಾರದೆಂದು ಆ ಹೊತ್ತಿನ ಬಾಬತ್ತನ್ನು ತಮ್ಮ ಜೇಬಿನಿಂದ ಕಚೇರಿಗೆ ಕಟ್ಟುತ್ತಿದ್ದರು. ಮನೆಯಲ್ಲಿ ಆಡಂಬರವಿರಲಿಲ್ಲ. ಅವರಿಗೂ ಪತ್ನಿ ಆಲಿಸ್ ಅವರಿಗೂ ಸರಳ ಜೀವನವೇ ಇಷ್ಟ. ಗಳಿಸಿದ್ದನ್ನು ಉಳಿಸಿ, ಆ ಉಳಿಕೆಯ ಬಲದಿಂದ ಯಾರ ಮುಲಾಜೂ ಇಲ್ಲದೆ ಕೆಲಸ ಮಾಡುವುದು ಅವರ ದಾರಿ. ಪತ್ರಿಕೆಗಳು ಅವರನ್ನು ಜನರ ವಕೀಲ ಎಂದು ಕರೆಯತೊಡಗಿದವು.

ನಗರದ ಅಡುಗೆ ಅನಿಲ, ದೀಪದ ಅನಿಲದ ಕಂಪನಿಗಳು ಒಂದಾದಾಗಲೂ ಅವರು ಹೀಗೇ ಮಧ್ಯೆ ಬಂದರು. ಕಂಪನಿಯನ್ನು ಬೈದು ಸುಮ್ಮನಾಗಲಿಲ್ಲ. ಜನರಿಗೆ ಅನಿಲದ ದರ ಇಳಿಸಿದರೆ ಮಾತ್ರ ಷೇರುದಾರರಿಗೆ ಲಾಭಾಂಶ ಏರಿಸಲು ಅನುಮತಿ ಎಂಬ ಏರ್ಪಾಟನ್ನು 1906ರಲ್ಲಿ ಕಾನೂನಾಗಿಸಿದರು. ಸ್ವಲ್ಪ ಕಾಲದಲ್ಲೇ ಸಾವಿರ ಘನ ಅಡಿಗೆ ಒಂದು ಡಾಲರ್ ಇದ್ದ ದರ 80 ಸೆಂಟಿಗೆ ಇಳಿಯಿತು. ಕಂಪನಿಗೂ ಲಾಭ, ಒಲೆ ಹಚ್ಚುವ ಮನೆಗೂ ಲಾಭ.

ವಿಮೆಯ ಹೋರಾಟ

ನನ್ನ ಮನಸ್ಸಿಗೆ ಅತಿ ಹತ್ತಿರವಾದ ಭಾಗವಿದು. 1905ರಲ್ಲಿ ನ್ಯೂಯಾರ್ಕಿನ ದೊಡ್ಡ ಜೀವವಿಮಾ ಕಂಪನಿಯೊಂದರ ಆಡಳಿತದವರ ಜಗಳ ಬೀದಿಗೆ ಬಂತು. ಪಾಲಿಸಿದಾರರ ಹಣ ದುರುಪಯೋಗವಾಗಿದ್ದು ಬಯಲಾಯಿತು. ನ್ಯೂ ಇಂಗ್ಲೆಂಡ್ ಪ್ರಾಂತ್ಯದ ಪಾಲಿಸಿದಾರರೆಲ್ಲ ಸೇರಿ ಒಂದು ಸಮಿತಿ ಕಟ್ಟಿಕೊಂಡು ಬ್ರಾಂಡೈಸರನ್ನು ವಕೀಲರನ್ನಾಗಿ ಮಾಡಿಕೊಂಡರು. ಒಬ್ಬ ವಕೀಲ, ಅವನ ಹಿಂದೆ ಸಾವಿರಾರು ಜನ. ಇದಕ್ಕೂ ಅವರು ಫೀಸು ಪಡೆಯಲಿಲ್ಲ.

ಆ ಕಂಪನಿಯ ವಿಷಯಕ್ಕೇ ನಿಲ್ಲದೆ ಇಡೀ ವಿಮಾ ವ್ಯವಹಾರದ ಲೆಕ್ಕವನ್ನು ಅವರು ಓದಿದರು. ಕಾರ್ಮಿಕರ ವಿಮೆ ಎಂಬುದೊಂದು ಬಗೆ ಇತ್ತು. ಏಜೆಂಟರು ವಾರ ವಾರ ಮನೆಗೆ ಬಂದು ಚಿಲ್ಲರೆ ಕಾಸು ವಸೂಲಿ ಮಾಡುತ್ತಿದ್ದರು. ಮನೆಯವರ ಹೆಣ ಅನಾಥವಾಗಬಾರದು, ಮಣ್ಣಿಗೆ ಸಾಲ ಮಾಡಬಾರದು ಎಂಬ ಭಯದಿಂದ ಬಡವರು ಕಟ್ಟುತ್ತಿದ್ದರು. ಆ ಕಾಸಿನಲ್ಲಿ ದೊಡ್ಡ ಪಾಲು ವಸೂಲಿಯ ಖರ್ಚಿಗೆ, ಕಮಿಷನ್ನಿಗೆ ಹೋಗುತ್ತಿತ್ತು. ಎಲ್ಲಕ್ಕಿಂತ ಕೆಟ್ಟದ್ದೆಂದರೆ, ಬಹುಪಾಲು ಪಾಲಿಸಿಗಳು ಕೊನೆಮುಟ್ಟುತ್ತಲೇ ಇರಲಿಲ್ಲ. ಕೆಲಸ ಹೋಗಿ, ಕಾಯಿಲೆ ಬಂದು ಕಂತು ತಪ್ಪಿದರೆ ಪಾಲಿಸಿ ಸತ್ತಂತೆ. ಕಟ್ಟಿದ್ದೂ ಹೋಯಿತು. ಒಬ್ಬ ಕೂಲಿಯವನು ಇಪ್ಪತ್ತೊಂದನೇ ವಯಸ್ಸಿನಿಂದ ವಾರಕ್ಕೆ ಅರ್ಧ ಡಾಲರ್ ತಪ್ಪದೆ ಕಟ್ಟಿದರೂ ಕೊನೆಗೆ ಮನೆಯವರಿಗೆ ಸಿಗುವುದು, ಅದೇ ಹಣ ಉಳಿತಾಯ ಬ್ಯಾಂಕಿನಲ್ಲಿದ್ದರೆ ಆಗುತ್ತಿದ್ದ ಮೊತ್ತದ ಅರ್ಧಕ್ಕಿಂತಲೂ ಕಡಿಮೆ ಎಂದು ಅವರು ಲೆಕ್ಕ ಹಾಕಿ ತೋರಿಸಿದರು.

ಇದನ್ನು ಓದಿದ ರಾತ್ರಿ ನನಗೆ ಅವ್ವನ ಟ್ರಂಕು ನೆನಪಾಯಿತು.

ಪರಿಹಾರವೇನು? ಕಂಪನಿಗಳ ಮೇಲೆ ಒಂದೊಂದಾಗಿ ದಾವೆ ಹೂಡಿದರೆ ಈ ಪದ್ಧತಿ ಸರಿಹೋಗುವುದಿಲ್ಲ ಎಂದು ಅವರಿಗೆ ಗೊತ್ತಿತ್ತು. ಮ್ಯಾಸಚೂಸೆಟ್ಸ್ ರಾಜ್ಯದಲ್ಲಿ ಆಗ ಹಳೆಯ ಉಳಿತಾಯ ಬ್ಯಾಂಕುಗಳಿದ್ದವು. ಅವಕ್ಕೆ ಷೇರುದಾರರಿಲ್ಲ, ಲಾಭ ಠೇವಣಿದಾರರಿಗೇ. ಕೆಲಸಗಾರರು ಅಲ್ಲಿಗೆ ಹೋಗಿ ದುಡ್ಡು ಇಡುವ ರೂಢಿಯೂ ಇತ್ತು. ಅದೇ ಬ್ಯಾಂಕಿನ ಕಿಟಕಿಯಲ್ಲಿ ಜೀವವಿಮೆಯನ್ನೂ ಮಾರಬಾರದೇಕೆ? ಏಜೆಂಟರಿಲ್ಲದಿದ್ದರೆ ಖರ್ಚು ಇಳಿಯುತ್ತದೆ, ಕಂತು ತಪ್ಪಿದವರಿಗೂ ಕಟ್ಟಿದ್ದರಲ್ಲಿ ಪಾಲು ಕೊಡಬಹುದು. ಇದು ಅವರ ಯೋಜನೆ. ವಿಮಾ ಕಂಪನಿಗಳು ವಿರೋಧಿಸಿದವು. ಬ್ಯಾಂಕಿನವರಲ್ಲೇ ಹಲವರು ನಮಗೇಕೆ ಈ ಉಸಾಬರಿ ಎಂದರು. ಬ್ರಾಂಡೈಸ್ ಕಾರ್ಮಿಕ ಸಂಘಗಳಿಗೆ, ವರ್ತಕರ ಸಭೆಗಳಿಗೆ ತಿರುಗಿದರು, ಪತ್ರಿಕೆಗಳಿಗೆ ಬರೆದರು, ಶಾಸಕರನ್ನು ಒಬ್ಬೊಬ್ಬರಾಗಿ ಕಂಡರು. 1907ರ ಜೂನ್‌ನಲ್ಲಿ ಕಾನೂನು ಬಂತು. ಮರುವರ್ಷ ವಿಟ್ಮನ್ ಎಂಬ ಸಣ್ಣ ಊರಿನ ಉಳಿತಾಯ ಬ್ಯಾಂಕು ಮೊದಲು ವಿಮೆ ಆರಂಭಿಸಿತು. ಮುಂದೆ ನ್ಯೂಯಾರ್ಕ್, ಕನೆಕ್ಟಿಕಟ್ ರಾಜ್ಯಗಳೂ ಇದೇ ಹಾದಿ ಹಿಡಿದವು. ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಯಾದ ಮೇಲೂ ತಮ್ಮ ಜೀವನದ ದೊಡ್ಡ ಕೆಲಸ ಇದೇ ಎಂದು ಅವರು ಭಾವಿಸಿದ್ದರು.

ಲಾಂಡ್ರಿಯ ಮೊಕದ್ದಮೆ

ಆರಿಗಾನ್ ರಾಜ್ಯದಲ್ಲಿ ಲಾಂಡ್ರಿ, ಕಾರ್ಖಾನೆಗಳಲ್ಲಿ ಹೆಂಗಸರಿಂದ ದಿನಕ್ಕೆ ಹತ್ತು ಗಂಟೆಗಿಂತ ಹೆಚ್ಚು ದುಡಿಸಬಾರದೆಂದು 1903ರಲ್ಲಿ ಕಾನೂನಾಗಿತ್ತು. ಪೋರ್ಟ್‌ಲ್ಯಾಂಡ್ ನಗರದ ಲಾಂಡ್ರಿ ಮಾಲೀಕ ಕರ್ಟ್ ಮುಲ್ಲರ್ ಅದನ್ನು ಮುರಿದು ದಂಡ ತೆತ್ತು, ಕಾನೂನೇ ಸಿಂಧುವಲ್ಲ ಎಂದು ಸುಪ್ರೀಂ ಕೋರ್ಟಿಗೆ ಹೋದರು. 1905ರಲ್ಲಿ ಬೇಕರಿ ಕೆಲಸಗಾರರ ದುಡಿಮೆಯ ಅವಧಿಯ ಇಂಥದೇ ಕಾನೂನನ್ನು ಅದೇ ಕೋರ್ಟು ರದ್ದು ಮಾಡಿತ್ತು. ಹಾಗಾಗಿ ಗೆಲ್ಲುವ ಆಸೆ ಕಡಿಮೆ ಇತ್ತು.

ಬ್ರಾಂಡೈಸರ ನಾದಿನಿ ಜೋಸೆಫಿನ್ ಗೋಲ್ಡ್‌ಮಾರ್ಕ್ ಮತ್ತು ಫ್ಲಾರೆನ್ಸ್ ಕೆಲ್ಲಿ ಗ್ರಾಹಕರ ಸಂಘದ ಪರವಾಗಿ ಬಂದು ಈ ಮೊಕದ್ದಮೆ ಹಿಡಿಯಬೇಕೆಂದು ಕೇಳಿದರು. ನನಗೆ ಕಾನೂನಿಗಿಂತ ಹೆಚ್ಚಾಗಿ ವಾಸ್ತವಾಂಶ ಬೇಕು ಎಂದರು ಬ್ರಾಂಡೈಸ್. ಜೋಸೆಫಿನ್ ಮತ್ತು ಸಂಗಡಿಗರು ಗ್ರಂಥಾಲಯಗಳಲ್ಲಿ ಕುಳಿತು ಹಲವು ದೇಶಗಳ ವೈದ್ಯರ, ಕಾರ್ಖಾನೆ ತನಿಖಾಧಿಕಾರಿಗಳ ವರದಿಗಳನ್ನು ಕೆಲವೇ ವಾರಗಳಲ್ಲಿ ಒಟ್ಟು ಮಾಡಿದರು. ನ್ಯಾಯಾಲಯಕ್ಕೆ ಕೊಟ್ಟ ಬರಹ ನೂರು ಪುಟ ಮೀರಿತ್ತು. ಅದರಲ್ಲಿ ಕಾನೂನಿನ ವಾದ ಎರಡೇ ಪುಟ. ಉಳಿದದ್ದೆಲ್ಲ ಹೆಚ್ಚು ಹೊತ್ತಿನ ದುಡಿಮೆಯಿಂದ ದೇಹಕ್ಕೆ ಏನಾಗುತ್ತದೆ ಎಂಬ ಮಾಹಿತಿ. 1908ರಲ್ಲಿ ನ್ಯಾಯಮೂರ್ತಿಗಳೆಲ್ಲ ಒಮ್ಮತದಿಂದ ಆ ಕಾನೂನನ್ನು ಎತ್ತಿಹಿಡಿದರು. ಇಂದಿಗೂ ಅಂಕಿಅಂಶ, ಅಧ್ಯಯನಗಳನ್ನು ಆಧಾರವಾಗಿಟ್ಟ ಇಂಥ ಬರಹಕ್ಕೆ ವಕೀಲರು ಬ್ರಾಂಡೈಸ್ ಬ್ರೀಫ್ ಎನ್ನುತ್ತಾರೆ. ಹೆಂಗಸರು ಅಬಲೆಯರು ಎಂಬ ನೆಲೆಯಲ್ಲಿ ವಾದ ಮಾಡಿದ್ದನ್ನು ಮುಂದಿನ ಕಾಲದವರು ಟೀಕಿಸಿದ್ದಾರೆ. ಅದು ಸರಿಯಾದ ಟೀಕೆಯೇ. ಆದರೆ ಆ ದಿನ ಹತ್ತು ಗಂಟೆಗೆ ಕೆಲಸ ಬಿಟ್ಟು ಮನೆಗೆ ಹೋದ ಹೆಣ್ಣುಮಕ್ಕಳಿಗೆ ಅದರಿಂದ ಉಪಕಾರವಾಯಿತು ಎಂಬುದೂ ನಿಜ.

ರೈಲ್ವೆಯ ಲೆಕ್ಕ

ಅದೇ ಹೊತ್ತಿಗೆ ನ್ಯೂ ಹೇವನ್ ರೈಲ್ವೆ ಕಂಪನಿ ಆ ಭಾಗದ ರೈಲು, ಟ್ರಾಮ್, ಹಡಗುಗಳನ್ನೆಲ್ಲ ಒಂದೊಂದಾಗಿ ಕೊಂಡುಕೊಳ್ಳುತ್ತಿತ್ತು. ಅದರ ಬೆನ್ನಿಗೆ ಇದ್ದವರು ಅಮೆರಿಕದ ಅತಿ ಬಲಾಢ್ಯ ಬ್ಯಾಂಕರ್ ಜೆ.ಪಿ. ಮಾರ್ಗನ್. ಬ್ರಾಂಡೈಸ್ ಕಂಪನಿಯ ಪ್ರಕಟಿತ ಲೆಕ್ಕಪತ್ರಗಳನ್ನೇ ಓದಿ, ಗಳಿಕೆ ಸಾಲದಿದ್ದರೂ ಲಾಭಾಂಶ ಹಂಚುತ್ತಿದ್ದಾರೆ, ಇದು ಬಹಳ ದಿನ ನಡೆಯದು ಎಂದು 1907ರಲ್ಲೇ ಎಚ್ಚರಿಸಿದರು. ಪತ್ರಿಕೆಗಳು ಅವರನ್ನು ಊರು ಕೆಡಿಸುವವನೆಂದು ಬೈದವು. ಹಳೆಯ ಸ್ನೇಹಿತರು ದೂರವಾದರು. 1913ರ ಕೊನೆಗೆ ಕಂಪನಿ ಲಾಭಾಂಶ ನಿಲ್ಲಿಸಿತು. ಅದನ್ನೇ ನಂಬಿ ಷೇರು ಇಟ್ಟುಕೊಂಡಿದ್ದ ವಿಧವೆಯರು, ವೃದ್ಧರು ಕಂಗಾಲಾದರು. ಅವರ ಎಚ್ಚರಿಕೆ ನಿಜವಾಯಿತು. ಆದರೆ ಅದನ್ನು ಸಕಾಲದಲ್ಲಿ ಕೇಳಿಸಿಕೊಂಡವರು ಕಡಿಮೆ.

1910ರಲ್ಲಿ ನ್ಯೂಯಾರ್ಕಿನ ಸಿದ್ಧ ಉಡುಪು ಕಾರ್ಮಿಕರ ಎರಡು ತಿಂಗಳ ಮುಷ್ಕರವನ್ನು ಎರಡೂ ಕಡೆಯವರನ್ನು ಕೂರಿಸಿ ಬಗೆಹರಿಸಿದವರಲ್ಲಿ ಅವರು ಪ್ರಮುಖರು. 1912ರಿಂದ ಅಧ್ಯಕ್ಷ ವುಡ್ರೋ ವಿಲ್ಸನ್ ಅವರಿಗೆ ಆರ್ಥಿಕ ವಿಷಯಗಳಲ್ಲಿ ಸಲಹೆಗಾರರಾದರು.

ನ್ಯಾಯಪೀಠದಲ್ಲಿ

1916ರ ಜನವರಿ 28ರಂದು ವಿಲ್ಸನ್ ಅವರು ಬ್ರಾಂಡೈಸರನ್ನು ಸುಪ್ರೀಂ ಕೋರ್ಟಿಗೆ ಹೆಸರಿಸಿದರು. ದೇಶದಲ್ಲಿ ದೊಡ್ಡ ಗದ್ದಲವೆದ್ದಿತು. ಮಾಜಿ ಅಧ್ಯಕ್ಷ ಟಾಫ್ಟ್, ಹಾರ್ವರ್ಡ್ ವಿಶ್ವವಿದ್ಯಾಲಯದ ಅಧ್ಯಕ್ಷ ಲೋವೆಲ್ ಮುಂತಾದವರು ವಿರೋಧಿಸಿದರು. ಹಾರ್ವರ್ಡ್ ಕಾನೂನು ಶಾಲೆಯ ಹನ್ನೊಂದು ಪ್ರಾಧ್ಯಾಪಕರಲ್ಲಿ ಒಂಬತ್ತು ಜನ ಬೆಂಬಲಿಸಿದರು. ಅವರು ಯೆಹೂದಿ ಎಂಬ ಅಸಹನೆಯೂ ವಿರೋಧದ ಹಿಂದೆ ಇತ್ತು. ಆದರೆ ಎಲ್ಲ ಆರೋಪವೂ ಹುರುಳಿಲ್ಲದ್ದೆಂದು ಹೇಳಲಾಗದು. ಒಂದು ಕಾಲದಲ್ಲಿ ಶೂ ಯಂತ್ರಗಳ ದೊಡ್ಡ ಕಂಪನಿಯ ನಿರ್ದೇಶಕರೂ ವಕೀಲರೂ ಆಗಿದ್ದವರು, ಅದನ್ನು ಬಿಟ್ಟ ಮೇಲೆ ಅದರ ವಿರುದ್ಧವೇ ನಿಂತರು. ಜಗಳವಾಡುವ ಎರಡೂ ಪಕ್ಷಗಳಿಗೆ ತಾವೇ ಹಿತಚಿಂತಕರೆಂಬಂತೆ ನಡೆದುಕೊಂಡದ್ದೂ ಇತ್ತು. ವಕೀಲ ಯಾರ ಪರ ಎಂಬುದು ಕಕ್ಷಿದಾರನಿಗೆ ಸ್ಪಷ್ಟವಿರಬೇಕಲ್ಲವೇ ಎಂದು ಕೇಳಿದವರ ಪ್ರಶ್ನೆಯಲ್ಲಿ ಅರ್ಥವಿದೆ.

ನಾಲ್ಕು ತಿಂಗಳ ವಿಚಾರಣೆಯ ನಂತರ ಜೂನ್ 1ರಂದು ಸೆನೆಟ್ 47–22 ಮತಗಳಿಂದ ಒಪ್ಪಿತು. ಆ ನ್ಯಾಯಾಲಯದ ಮೊದಲ ಯೆಹೂದಿ ನ್ಯಾಯಮೂರ್ತಿ ಅವರು. ಅವರ ಜೊತೆ ಮಾತೇ ಆಡದ ಸಹೋದ್ಯೋಗಿಯೊಬ್ಬರು ಅಲ್ಲಿದ್ದರು. ಬ್ರಾಂಡೈಸ್ ತಮ್ಮ ಪಾಡಿಗೆ ತಾವು ಸುಮಾರು ಇಪ್ಪತ್ಮೂರು ವರ್ಷ ಕೆಲಸ ಮಾಡಿದರು. 1927ರಲ್ಲಿ, ಬುದ್ಧಿಮಾಂದ್ಯರೆಂದು ಹಣೆಪಟ್ಟಿ ಹಚ್ಚಿದವರಿಗೆ ಬಲವಂತದ ಸಂತಾನಹರಣ ಚಿಕಿತ್ಸೆ ಮಾಡಬಹುದೆಂಬ ತೀರ್ಪಿಗೆ ಅವರೂ ಒಪ್ಪಿಗೆ ಹಾಕಿದರು. ಅವರ ಜೀವನದಲ್ಲಿ ನನಗೆ ನುಂಗಲಾಗದ ಸಂಗತಿ ಅದು.

ಮರುವರ್ಷವೇ, 1928ರಲ್ಲಿ, ಸಿಯಾಟಲ್ ನಗರದ ಅಕ್ರಮ ಮದ್ಯದ ವ್ಯಾಪಾರಿ ಓಮ್‌ಸ್ಟೆಡ್ ಅವರ ಮೊಕದ್ದಮೆ ಬಂತು. ಸರ್ಕಾರದ ಅಧಿಕಾರಿಗಳು ವಾರಂಟ್ ಇಲ್ಲದೆ ಅವರ ಟೆಲಿಫೋನ್ ತಂತಿಗೆ ಇನ್ನೊಂದು ತಂತಿ ಸೇರಿಸಿ ತಿಂಗಳುಗಟ್ಟಲೆ ಮಾತು ಕದ್ದು ಕೇಳಿದ್ದರು. ಮನೆಯೊಳಗೆ ಕಾಲಿಡಲಿಲ್ಲವಾದ್ದರಿಂದ ತಪ್ಪಿಲ್ಲ ಎಂದು ಐವರು ನ್ಯಾಯಮೂರ್ತಿಗಳು ಹೇಳಿದರು. ನಾಲ್ವರು ಒಪ್ಪಲಿಲ್ಲ. ಬ್ರಾಂಡೈಸ್ ಬರೆದ ಭಿನ್ನಮತದ ತೀರ್ಪು ಪ್ರಸಿದ್ಧವಾಯಿತು. ಮುಂದೊಂದು ದಿನ ಬೀರುವಿನಿಂದ ಕಾಗದ ತೆಗೆಯದೆಯೇ ಅದರಲ್ಲಿ ಏನಿದೆಯೆಂದು ಸರ್ಕಾರ ತಿಳಿದುಕೊಳ್ಳುವ ಉಪಾಯ ಬರಬಹುದು, ಆದ್ದರಿಂದ ಕಾನೂನು ಕೇವಲ ಗೋಡೆ ಬಾಗಿಲುಗಳನ್ನಲ್ಲ, ಮನುಷ್ಯನನ್ನು ಕಾಪಾಡಬೇಕು ಎಂಬುದು ಅವರ ಅಭಿಪ್ರಾಯದ ಸಾರ. ಕಂಪ್ಯೂಟರ್ ಇನ್ನೂ ಹುಟ್ಟಿರದ ಕಾಲದಲ್ಲಿ ಇದನ್ನು ಬರೆದರು ಎಂದರೆ ನನ್ನಂಥ ಎಂಜಿನಿಯರಿಗೆ ಆಶ್ಚರ್ಯವಾಗುತ್ತದೆ. 1967ರಲ್ಲಿ ಅದೇ ನ್ಯಾಯಾಲಯ ತನ್ನ ಹಳೆಯ ನಿಲುವನ್ನು ಬಿಟ್ಟು ಅವರ ದಾರಿಗೆ ಬಂತು.

1939ರ ಫೆಬ್ರವರಿಯಲ್ಲಿ ಅವರು ನಿವೃತ್ತರಾದರು. 1941ರ ಅಕ್ಟೋಬರ್ 5ರಂದು ವಾಷಿಂಗ್ಟನ್ನಿನಲ್ಲಿ ತೀರಿಕೊಂಡರು. ಅವರ ಚಿತಾಭಸ್ಮ ಹುಟ್ಟೂರು ಲೂಯಿವಿಲ್ಲಿನ ಕಾನೂನು ಶಾಲೆಯ ಮುಂಭಾಗದ ಮಂಟಪದಡಿ ಇದೆ. ಆ ವಿಶ್ವವಿದ್ಯಾಲಯದ ಗ್ರಂಥಾಲಯಕ್ಕೆ ಅವರು ಬದುಕಿದ್ದಾಗ ಪುಸ್ತಕ, ಹಣ ಎರಡನ್ನೂ ಕೊಟ್ಟಿದ್ದರು. ತನ್ನೂರಿನ ಶಾಲೆಯ ಋಣ ತೀರಿಸುವುದು ಎಂದರೆ ಇದೇ ಅಲ್ಲವೇ?

ನಮ್ಮ ನಾಡಿನವರೆಗೆ

ಈಗ ಆ 1890ರ ಲೇಖನಕ್ಕೆ ಬರುತ್ತೇನೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರು ಎಂಬತ್ತು ದಾಟಿದ ವಯಸ್ಸಿನಲ್ಲಿ, 2012ರಲ್ಲಿ, ಆಧಾರ್ ಯೋಜನೆಯನ್ನು ಪ್ರಶ್ನಿಸಿ ಸುಪ್ರೀಂ ಕೋರ್ಟಿಗೆ ಅರ್ಜಿ ಹಾಕಿದರು. 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನವು ನಮ್ಮ ಸಂವಿಧಾನದಡಿ ಮೂಲಭೂತ ಹಕ್ಕು ಎಂದು ಒಮ್ಮತದಿಂದ ಹೇಳಿತು. ವಾರನ್ ಮತ್ತು ಬ್ರಾಂಡೈಸರ ಲೇಖನದ ಚರ್ಚೆ ಆ ತೀರ್ಪಿನಲ್ಲಿದೆ. ಮುಂದಿನ ವರ್ಷ ಆಧಾರ್ ಯೋಜನೆಯನ್ನು ಕೋರ್ಟು ಕೆಲವು ಮಿತಿಗಳೊಡನೆ ಉಳಿಸಿತು. ಆದರೆ ಖಾಸಗಿತನದ ಹಕ್ಕು ಗಟ್ಟಿಯಾಗಿ ನಿಂತಿತು. ಕನ್ನಡ ನಾಡಿನ ಒಬ್ಬ ಹಿರಿಯರ ಅರ್ಜಿಯಿಂದ ದೇಶದ ಪ್ರತಿಯೊಬ್ಬರಿಗೂ ಹಕ್ಕು ಸಿಕ್ಕಿತು.

ಹಲವರ ಪರವಾಗಿ ಒಬ್ಬರು ದಾವೆ ಹೂಡುವುದಕ್ಕೆ ಈಗ ಅಮೆರಿಕದಲ್ಲಿ ಕ್ಲಾಸ್ ಆಕ್ಷನ್ ಎನ್ನುತ್ತಾರೆ. ಅದಕ್ಕೆಂದೇ ಪರಿಣತ ವಕೀಲರಿದ್ದಾರೆ. ನಮ್ಮ 1908ರ ಸಿವಿಲ್ ಪ್ರಕ್ರಿಯಾ ಸಂಹಿತೆಯಲ್ಲೂ ಒಂದೇ ಹಿತಾಸಕ್ತಿ ಇರುವ ಹಲವರ ಪರವಾಗಿ ಒಬ್ಬರು ನ್ಯಾಯಾಲಯದ ಅನುಮತಿ ಪಡೆದು ದಾವೆ ಹೂಡಲು ಅವಕಾಶವಿದೆ. ಗ್ರಾಹಕರ ಕಾನೂನಿನಲ್ಲೂ ಇದೆ. ಅಂದರೆ ನಮ್ಮೂರಿನ ಆ ಹದಿನೈದು ಮನೆಯವರು ಒಟ್ಟಿಗೆ ಹೋಗಬಹುದಿತ್ತು. ನಮಗೆ ಗೊತ್ತಿರಲಿಲ್ಲ, ಅಷ್ಟೇ.

ನನ್ನದೊಂದು ತಪ್ಪನ್ನೂ ಇಲ್ಲಿ ಒಪ್ಪಿಕೊಳ್ಳಬೇಕು. ಕೆಲವು ವರ್ಷಗಳ ಹಿಂದೆ ಕೆಲಸದಲ್ಲಿ ಒಂದು ಮೊಬೈಲ್ ಆ್ಯಪ್‌ಗೆ, ಬಳಕೆದಾರರ ಫೋನಿನಲ್ಲಿರುವ ಎಲ್ಲ ನಂಬರುಗಳನ್ನು ಓದುವ ಭಾಗವನ್ನು ನಾನು ಬರೆದೆ. ಆ ಆ್ಯಪ್‌ಗೆ ಅದು ಬೇಕೇ ಇರಲಿಲ್ಲ. ನಾನು ಕೇಳಲಿಲ್ಲ. ಅದಾಗಿ ಸ್ವಲ್ಪ ದಿನಕ್ಕೆ ನಮ್ಮ ಸಂಬಂಧಿಕರ ಹುಡುಗನೊಬ್ಬ ಬೇರೊಂದು ಆ್ಯಪ್‌ನಲ್ಲಿ ಐದು ಸಾವಿರ ಸಾಲ ಪಡೆದು ಕಂತು ತಪ್ಪಿದ. ಅವರು ಅವನ ಫೋನಿನಲ್ಲಿದ್ದ ಊರವರಿಗೆಲ್ಲ ಕರೆ ಮಾಡಿ ಮಾನ ಕಳೆದರು. ಅವನು ಮೂರು ದಿನ ಮನೆಯಿಂದ ಹೊರಗೆ ಬರಲಿಲ್ಲ. ಆ ಸಾಲದ ಆ್ಯಪ್ ನಾನು ಮಾಡಿದ್ದಲ್ಲ. ಆದರೆ ನಾನು ಬರೆದದ್ದು ಅಂಥದೇ ನಾಲ್ಕು ಸಾಲು. ಅಂದಿನಿಂದ ಇದು ಯಾಕೆ ಬೇಕು ಎಂದು ಮೀಟಿಂಗಿನಲ್ಲಿ ಕೇಳುತ್ತೇನೆ. ಒಮ್ಮೊಮ್ಮೆ ತೆಗೆಯುತ್ತಾರೆ, ಒಮ್ಮೊಮ್ಮೆ ಇಲ್ಲ. ಕೇಳುವುದನ್ನಂತೂ ಬಿಟ್ಟಿಲ್ಲ.

ಬ್ರಾಂಡೈಸರ ಜೀವನದಿಂದ ನಾನು ಕಲಿತದ್ದು ಇಷ್ಟು. ಅವರು ಜನಸೇವೆಗಾಗಿ ವೃತ್ತಿ ಬಿಡಲಿಲ್ಲ. ವರ್ತಕರಿಗಾಗಿ ಲೆಕ್ಕಪುಸ್ತಕ ಓದಲು ಕಲಿತರು, ಅದೇ ವಿದ್ಯೆಯಿಂದ ವಕೀಲರಿಲ್ಲದ ಜನರ ಲೆಕ್ಕವನ್ನೂ ಓದಿದರು. ನಮ್ಮ ಶಾಲೆಯಲ್ಲಿ ಓದಿದವರಲ್ಲಿ ಇಂದು ವಕೀಲರಿದ್ದಾರೆ, ಬ್ಯಾಂಕಿನಲ್ಲಿರುವವರಿದ್ದಾರೆ, ವಿಮೆಯ ಕಚೇರಿಯಲ್ಲಿರುವವರಿದ್ದಾರೆ, ನನ್ನಂಥ ಕಂಪ್ಯೂಟರಿನವರಿದ್ದಾರೆ. ಯುಗಾದಿ, ದೀಪಾವಳಿಗೆ ಹೇಗೂ ಊರಿಗೆ ಬರುತ್ತೇವೆ. ಹಬ್ಬದ ಮರುದಿನ ಅರ್ಧ ದಿನ ಶಾಲೆಯ ಜಗುಲಿಯಲ್ಲಿ ಕೂರೋಣ. ಊರಿನವರು ತಮ್ಮ ಪಾಲಿಸಿ, ಸಾಲದ ಪತ್ರ, ಫೋನು ಏನಿದೆಯೋ ತರಲಿ. ಓದಿ ಕನ್ನಡದಲ್ಲಿ ಹೇಳೋಣ. ಹದಿನೈದು ಜನರ ಕಷ್ಟ ಒಂದೇ ಎಂದು ಕಂಡರೆ ಅವರನ್ನು ಒಂದೇ ಬೆಂಚಿನಲ್ಲಿ ಕೂರಿಸೋಣ. ಹಳೆಯ ವಿದ್ಯಾರ್ಥಿಗಳ ಸಂಘದವರು ಒಪ್ಪಿದರೆ ಬರುವ ದೀಪಾವಳಿಗೆ ಮೊದಲು ಕೂರುವವನು ನಾನು.